ಕಟ್ಟೋ ಮನೆಗೂ ಕಾವಲು ಬೇಕು

ಶೇಂಗಾ ಬಗ್ಗೆ, ಹುಳದ ಬಗ್ಗೆ, ಬತ್ತಿದ ಬೋರಿನ ಬಗ್ಗೆ ನಾವು ರೈತರು ಬೇಕಾದಷ್ಟು ಬರೆದಿದ್ದೇವೆ. ಸಣ್ಣ ರೈತ ಜೀವಮಾನದಲ್ಲಿ ಒಂದೇ ಸಲ ಮಾಡೋ ದೊಡ್ಡ ಖರ್ಚಿನ ಬಗ್ಗೆ ಮಾತ್ರ ಬರೆದವರು ಕಡಿಮೆ. ಅದು ಮನೆ. ಹತ್ತು ಹದಿನೈದು ವರ್ಷದ ಬೆಳೆ ದುಡ್ಡು, ಮಾರಿದ ಕುರಿ, ಹೆಂಡತಿ ಸಂಘದಲ್ಲಿ ಕಟ್ಟಿದ ಉಳಿತಾಯ, ಮಗ ಕಳಿಸಿದ ಹಣ ಎಲ್ಲಾ ಸೇರಿ ನಾಲ್ಕು ಗೋಡೆ ಒಂದು ಸೂರು ಆಗ್ತದೆ. ಹಂದಿ ಬೀಳ್ತದೆ ಅಂತ ಶೇಂಗಾ ಹೊಲದಲ್ಲಿ ರಾತ್ರಿಯೆಲ್ಲಾ ಮಲಗೋ ನಾವು, ಇಷ್ಟು ದುಡ್ಡು ಸುರಿಯೋ ಮನೆಯನ್ನ ಗುತ್ತಿಗೆದಾರನ ಕೈಗೆ ಕೊಟ್ಟು ವಾರಕ್ಕೋ ಹದಿನೈದು ದಿನಕ್ಕೋ ಒಂದು ಸಲ ಇಣುಕಿ ಬರ್ತೇವೆ. ಇದು ಸರಿಯಲ್ಲ ಅನ್ನೋದು ನನ್ನ ವಾದ. ಮನೆ ಕಟ್ಟೋ ರೈತ ದಿನಾ ಎರಡು ಹೊತ್ತು ಕಟ್ಟಡದ ಹತ್ತಿರ ನಿಲ್ಲಬೇಕು, ಕಂಡದ್ದನ್ನ ಬರೆದಿಡಬೇಕು.

ನಾನು ಇಂಜಿನಿಯರ್ ಅಲ್ಲ. ಓದಿದ್ದು ಏಳನೇ ಕ್ಲಾಸು. ಚಳ್ಳಕೆರೆ ಸೀಮೆಯ ನಾಲ್ಕೂವರೆ ಎಕರೆ ಮಳೆಯಾಶ್ರಯದ ಹೊಲದವನು. ನಮ್ಮ ಕಡೆ ವರ್ಷಕ್ಕೆ 500 ಮಿಲಿಮೀಟರ್ ಬಂತು ಅಂದ್ರೆ ಅದೇ ದೊಡ್ಡ ಮಳೆ. ಆದರೆ ಒಂದು ಮನೆ ಪಾಯದಿಂದ ಸೂರಿನವರೆಗೆ ಏಳೋದನ್ನ ಹತ್ತಿರ ನಿಂತು ನೋಡಿದ್ದೇನೆ. ಮೇಸ್ತ್ರಿಗಳನ್ನ, ಪರಿಚಯದ ಒಬ್ಬ ಇಂಜಿನಿಯರ್ ಹುಡುಗನನ್ನ ಬಿಡದೆ ಕೇಳಿದ್ದೇನೆ. ಆ ಧೈರ್ಯದ ಮೇಲೆ ಬರೀತಾ ಇದ್ದೇನೆ.

2022ರಲ್ಲಿ ನಮ್ಮ ಜಿಲ್ಲೆಗೆ ಯಾರೂ ಕಾಣದ ಮಳೆ ಬಂತು. ಸೆಪ್ಟೆಂಬರಿನಲ್ಲಿ ಮಾರಿಕಣಿವೆ ಕೋಡಿ ಬಿತ್ತು, 1933 ಆದ ಮೇಲೆ ಅದೇ ಮೊದಲು. ಜನ ಟೆಂಪೋ ಮಾಡಿಕೊಂಡು ನೋಡಕ್ಕೆ ಹೋದರು. ಅದೇ ಮಳೆಗೆ ನಮ್ಮ ಅಜ್ಜ ಕಟ್ಟಿಸಿದ ಮಾಳಿಗೆ ಮನೆಯ ಹಿಂದಿನ ಗೋಡೆ ಕೂತಿತು. ಮಾಳಿಗೆ ಮನೆ ಕೆಟ್ಟದ್ದು ಅಂತ ನಾನು ಹೇಳಲ್ಲ. ಬೇಸಿಗೆಯಲ್ಲಿ ಅದರೊಳಗೆ ಇದ್ದ ತಂಪು ಈಗಿನ ಮನೆಗಿಲ್ಲ. ಆದರೆ ಅದಕ್ಕೆ ವರ್ಷಾ ವರ್ಷಾ ಕರಲು ಮಣ್ಣು ಹಾಕಿ ಬಡೀಬೇಕು. ಮಣ್ಣು ತರ್ತಿದ್ದ ಗುಂಡಿ ಈಗ ಸೈಟುಗಳಾಗಿದೆ, ಬಡಿಯೋ ಕೈಗಳು ಬೆಂಗಳೂರಿಗೆ ಹೋಗಿವೆ. ಹಾಗಾಗಿ 25 ಅಡಿ ಅಗಲ, 32 ಅಡಿ ಉದ್ದ, ಅಂದ್ರೆ ಎಂಟು ಚದರದ ಹೊಸ ಮನೆಗೆ 2023ರ ಫೆಬ್ರವರಿಯಲ್ಲಿ ಪಾಯ ತೆಗೆಸಿದೆವು.

ಮೊದಲು ಬಂದವನು ಗುತ್ತಿಗೆದಾರ. ಚದರಕ್ಕೆ ಇಷ್ಟು ಅಂತ ಒಂದೇ ಮಾತು, ಬೀಗದ ಕೈ ಕೈಗೆ ಕೊಡ್ತೇನೆ, ನೀವು ಹೊಲ ನೋಡಿಕೊಳ್ಳಿ ಅಂದ. ಕೇಳಕ್ಕೆ ಹಿತವಾದ ಮಾತು. ಊರಲ್ಲಿ ನಾಲ್ಕು ಜನ ಹೀಗೇ ಕಟ್ಟಿಸಿದ್ದಾರೆ. ಒಂದು ಮನೆಯಲ್ಲಿ ಎರಡನೇ ಮಳೆಗಾಲಕ್ಕೆ ಪಡಸಾಲೆ ಸೂರಿನಲ್ಲಿ ಕಂಬಿ ತುಕ್ಕಿನ ಕೆಂಪು ಗೆರೆ ಮೂಡಿದೆ. ಆ ಮನೆಯವರು ಗುತ್ತಿಗೆದಾರನನ್ನ ಬೈತಾರೆ. ಬೈಯ್ಲಿ, ತಪ್ಪು ಅವನದೇ. ಆದರೆ ಮೋಲ್ಡ್ ಹಾಕಿದ ದಿನ ಮನೆಯವರು ಯಾರೂ ಅಲ್ಲಿರಲಿಲ್ಲ, ಮದುವೆಗೆ ಹೋಗಿದ್ದರು. ಮೋಲ್ಡ್ ಒಳಗೆ ಏನು ಹೋಯ್ತು ಅಂತ ಈಗ ಒಡೆದು ನೋಡಕ್ಕಾಗ್ತದಾ?

ನಾವು ಕೂಲಿ ಮಾತ್ರ ಮಾತಾಡಿ ಸಾಮಾನು ನಾವೇ ತಂದೆವು. ಇದಕ್ಕೆ ಎದುರು ಮಾತು ಹೇಳೋರು ಇದ್ದಾರೆ. ಹೊಲದ ಕೆಲಸ ಬಿಟ್ಟು ಅಲ್ಲಿ ನಿಂತರೆ ನಮ್ಮ ಕೂಲಿ ಯಾರು ಕೊಡ್ತಾರೆ ಅಂತಾರೆ. ನೀರಾವರಿಯವರು ಹಾಗೆ ಕೇಳಿದರೆ ನ್ಯಾಯ. ಅವರಿಗೆ ವರ್ಷವಿಡೀ ಬಿಡುವಿಲ್ಲ. ಖುಷ್ಕಿಯವರಾದ ನಮಗೆ ಏನು ದಾಡಿ? ಶೇಂಗಾ ಕಿತ್ತು, ಬಡಿದು, ಮಾರಿದ ಮೇಲೆ ಜನವರಿಯಿಂದ ಮೇ ತನಕ ಹೊಲದಲ್ಲಿ ಏನಿದೆ? ಮಾಗಿ ಉಳುಮೆ ಒಂದು, ಗೊಬ್ಬರ ಹೊಡೆಯೋದು ಒಂದು. ಅರಳಿಕಟ್ಟೆ ಮೇಲೆ ಕೂರೋ ಹೊತ್ತನ್ನ ಇಟ್ಟಿಗೆ ರಾಶಿ ಮೇಲೆ ಕೂತು ಕಳೆದರೆ ಆಯ್ತು. ಕಟ್ಟಡದ ಕೆಲಸಕ್ಕೆ ಒಣ ದಿನ ಬೇಕು, ನಮಗೆ ಒಣ ದಿನ ಕೆಲಸವಿಲ್ಲ. ಇಷ್ಟು ಹೊಂದಿಕೆ ಬೇರೆ ಯಾವ ರೈತನಿಗೂ ಇಲ್ಲ.

ಇನ್ನೊಂದು ಹೊಸ ರೋಗ ಬಂದಿದೆ, ಫೋಟೋದಲ್ಲಿ ಮನೆ ನೋಡೋದು. ನನ್ನ ಮಗ ಬೆಂಗಳೂರಿನಲ್ಲಿ ಕಂಪನಿ ಕೆಲಸದಲ್ಲಿದ್ದಾನೆ. ದಿನಾ ಸಂಜೆ ವಾಟ್ಸಾಪಿಗೆ ಫೋಟೋ ಹಾಕಪ್ಪಾ ಅಂತಿದ್ದ. ಹಾಕ್ತಿದ್ದೆ, ಅವನೂ ಖುಷಿಪಡ್ತಿದ್ದ. ಗೋಡೆ ನಿನ್ನೆಗಿಂತ ಎರಡಡಿ ಮೇಲೆ ಬಂದಿದೆ ಅನ್ನೋದು ಫೋಟೋದಲ್ಲಿ ಕಾಣ್ತದೆ. ಆ ಗೋಡೆ ಬೆಳಿಗ್ಗೆ ನೀರು ಕುಡಿದಿದೆಯಾ, ಗಾರೆಗೆ ಸಿಮೆಂಟ್ ಎಷ್ಟು ಬಿತ್ತು ಅನ್ನೋದು ಕಾಣಲ್ಲ. ಬೆಂಗಳೂರಿನಲ್ಲೋ ದುಬೈನಲ್ಲೋ ಇದ್ದು ಊರಲ್ಲಿ ಅಪ್ಪ ಅಮ್ಮನಿಗೆ ಮನೆ ಕಟ್ಟಿಸೋ ಹುಡುಗರು ಈ ಮಾತು ತಲೇಲಿ ಇಟ್ಟುಕೊಳ್ಳಬೇಕು. ಫೋಟೋ ಕೇಳೋ ಬದಲು ಖಾಲಿ ಚೀಲ ಎಣಿಸಿ ಹೇಳಪ್ಪಾ ಅಂತ ಕೇಳಿ.

ಸರ್ಕಾರದ ಮನೆಗೂ ಇದೇ ಮಾತು. 2016ರಲ್ಲಿ ಶುರುವಾದ ಪ್ರಧಾನಮಂತ್ರಿ ಗ್ರಾಮೀಣ ಆವಾಸ್ ಯೋಜನೆಯಲ್ಲಿ ಬಯಲು ಸೀಮೆಗೆ 1.20 ಲಕ್ಷ ರೂಪಾಯಿ ಕೊಡ್ತಾರೆ, ಮನೆ ಕನಿಷ್ಠ 25 ಚದರ ಮೀಟರ್ ಇರಬೇಕು. ಹಣ ಹಂತ ಹಂತವಾಗಿ ಬರ್ತದೆ. ಒಂದೊಂದು ಹಂತಕ್ಕೂ ಮೊಬೈಲಿನಲ್ಲಿ ಜಾಗದ ಗುರುತು ಸಮೇತ ಫೋಟೋ ತೆಗೀತಾರೆ. ಹಣ ಬೇರೆ ಕಡೆ ಹೋಗದಿರಲಿ ಅಂತ ಮಾಡಿದ್ದು, ಒಳ್ಳೇದೇ. ಗೋಡೆ ಇದೆ ಅನ್ನೋದಕ್ಕೆ ಆ ಫೋಟೋ ಸಾಕ್ಷಿ, ಗೋಡೆ ಗಟ್ಟಿ ಇದೆ ಅನ್ನೋದಕ್ಕೆ ಅಲ್ಲ. ಅದನ್ನ ನೋಡಬೇಕಾದವನು ಅದರೊಳಗೆ ಮಲಗೋನು.

ನಾವು ಮಾಡಿದ್ದು ಇಷ್ಟೇ. ಮಗಳ ಹಳೇ ಲಾಂಗ್ ಬುಕ್ಕಿನಲ್ಲಿ ಉಳಿದ ಹಾಳೆಗಳಿಗೆ ಗೆರೆ ಎಳೆದೆವು. ತಾರೀಖು, ಗಾರೆಯವರು ಎಷ್ಟು, ಆಳು ಎಷ್ಟು, ಬಿಚ್ಚಿದ ಸಿಮೆಂಟ್ ಚೀಲ, ಸಂಜೆ ಎಣಿಸಿದ ಖಾಲಿ ಚೀಲ, ನೀರು ಹಾಕಿದ್ದು ಎಷ್ಟು ಸಲ, ಕೊಟ್ಟ ದುಡ್ಡು. ಬರೀತಿದ್ದವಳು ನನ್ನ ಹೆಂಡತಿ. ಅವಳ ಅಕ್ಷರ ನನಗಿಂತ ದುಂಡಗೆ. ಗೋಡೆ ಕೂಲಿ ಲೆಕ್ಕ ತೀರಿಸೋ ದಿನ ಮೇಸ್ತ್ರಿ 31 ದಿನ ಅಂದ, ಪುಸ್ತಕದಲ್ಲಿ 26 ಇತ್ತು. ಜಗಳ ಆಗ್ಲಿಲ್ಲ. ತಾರೀಖು ಓದಿದಳು, ಅವನು ತಲೆ ಕೆರೆದುಕೊಂಡು ಒಪ್ಪಿದ. ಪುಸ್ತಕ ಮೋಸ ಹಿಡಿಯೋಕೆ ಮಾತ್ರ ಅಲ್ಲ, ಮೇಸ್ತ್ರಿ ಜೊತೆ ಸ್ನೇಹ ಉಳಿಸೋಕೂ ಬೇಕು. ಬಾಯಿ ಲೆಕ್ಕದಲ್ಲಿ ಇಬ್ಬರಿಗೂ ಅನುಮಾನ ಉಳೀತದೆ.

ಪಾಯದ ಬಗ್ಗೆ ಜಾಸ್ತಿ ಹೇಳಲ್ಲ. ನಮ್ಮದು ಕೆಂಪು ಮಣ್ಣು, ನಾಲ್ಕಡಿಗೆ ಗಟ್ಟಿ ಗೊರಚು ಸಿಕ್ಕಿತು, ಸೈಜುಗಲ್ಲು ಕಟ್ಟಿದೆವು. ಎರೆ ನೆಲದವರು ಮಾತ್ರ ಹುಷಾರಾಗಿರಬೇಕು. ಎರೆ ನೆಂದಾಗ ಉಬ್ಬಿ, ಒಣಗಿದಾಗ ಕುಗ್ಗಿ ಬಿರುಕು ಬಿಡೋದು ನಿಮಗೆ ಹೊಲದಲ್ಲಿ ಗೊತ್ತೇ ಇದೆ. ಆ ಬಿರುಕು ಎಷ್ಟು ಆಳ ಹೋಗ್ತದೋ ಅದಕ್ಕಿಂತ ಕೆಳಗೆ ಪಾಯ ಹೋಗಬೇಕು. ಅಂಥಾ ಕಡೆ ಇಂಜಿನಿಯರಿಗೆ ಕೊಡೋ ದುಡ್ಡು ದಂಡವಲ್ಲ.

ಗೋಡೆಗೆ ನಾವು ಮಣ್ಣಿನ ಇಟ್ಟಿಗೆ ಮಾಡಿದೆವು. ಹಸಿ ಇಟ್ಟಿಗೆಯಲ್ಲ, ಯಂತ್ರದಲ್ಲಿ ಒತ್ತಿದ್ದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರು ಹಳ್ಳಿಗಾಗಿ 'ಅಸ್ತ್ರ' ಅಂತ ಒಂದು ಕೇಂದ್ರ ಶುರು ಮಾಡಿದರು. ಕೆ.ಎಸ್. ಜಗದೀಶ್ ಮತ್ತು ಅವರ ಜೊತೆಯವರು ಈ ಇಟ್ಟಿಗೆ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಮರಳು ಬೆರೆತ ಕೆಂಪು ಮಣ್ಣಿಗೆ ನೂರಕ್ಕೆ ಏಳೆಂಟು ಪಾಲು ಸಿಮೆಂಟ್, ಕೈಯಲ್ಲಿ ಹಿಡಿದರೆ ಉಂಡೆ ಆಗೋವಷ್ಟು ಮಾತ್ರ ನೀರು, ಕೈಯಲ್ಲಿ ಒತ್ತೋ ಯಂತ್ರ. ಸುಡೋಕೆ ಸೌದೆ ಬೇಡ. ಒತ್ತಿದ ಮೇಲೆ ಮೂರು ವಾರ ಹುಲ್ಲು ಮುಚ್ಚಿ ನೀರು ಚಿಮುಕಿಸಬೇಕು. ಬರೀ ಎರೆ ಮಣ್ಣಿಗೆ ಇದು ಆಗಲ್ಲ. ಯಂತ್ರ ಬಾಡಿಗೆಗೆ ತಂದು ಪಾಯದಲ್ಲಿ ತೆಗೆದ ಮಣ್ಣನ್ನೇ ಬಳಸಿದೆವು. ಅಗ್ಗ ಆಯ್ತಾ ಅಂತ ಕೇಳ್ತೀರಿ. ಮನೆಯವರ ಕೂಲಿ ಲೆಕ್ಕ ಹಾಕಿದರೆ ಸಿಮೆಂಟ್ ಬ್ಲಾಕಿಗಿಂತ ದೊಡ್ಡ ಉಳಿತಾಯ ಏನಿಲ್ಲ. ಆದರೆ ಕಣ್ಣ ಮುಂದೆ ಆದ ಇಟ್ಟಿಗೆ. ಅದರೊಳಗೆ ಏನಿದೆ ಅಂತ ನಮಗೆ ಗೊತ್ತು.

ಗೋಡೆ ಕಟ್ಟುವಾಗ ನೋಡಬೇಕಾದ ಹೊತ್ತು ಊಟದ ಹೊತ್ತು. ಹನ್ನೆರಡೂವರೆಗೆ ಕಲಸಿದ ಗಾರೆ ಉಳೀತದೆ. ಊಟ, ಎಲೆಅಡಿಕೆ, ಒಂದು ನಿದ್ದೆ ಮುಗಿಸಿ ಎರಡು ಗಂಟೆಗೆ ಬಂದು ಅದಕ್ಕೇ ಒಂದು ಚೊಂಬು ನೀರು ಹಾಕಿ ಮತ್ತೆ ಕಲಸ್ತಾರೆ. ನೋಡಕ್ಕೆ ಹೊಸದರ ಹಾಗೇ ಇರ್ತದೆ. ಆದರೆ ನೀರು ಬಿದ್ದ ಅರ್ಧ ಗಂಟೆಯಿಂದಲೇ ಸಿಮೆಂಟ್ ಕಟ್ಟಿಕೊಳ್ಳೋಕೆ ಶುರುವಾಗಬಹುದು. ಕಟ್ಟಿಕೊಂಡದ್ದನ್ನ ಒಡೆದು ಮತ್ತೆ ಕಲಸಿದರೆ ಅದು ಹೆಪ್ಪು ಒಡೆದ ಮೊಸರು. ಇದಕ್ಕೆ ಕೂಗಾಡಬೇಕಾಗಿಲ್ಲ. ಹನ್ನೆರಡು ಗಂಟೆಗೆ ಅಲ್ಲಿ ನಿಂತು, ಊಟಕ್ಕೆ ಮುಂಚೆ ಎಷ್ಟು ಬೇಕೋ ಅಷ್ಟೇ ಕಲಸಣ್ಣಾ ಅಂದ್ರೆ ಸಾಕು.

ಮರಳೂ ಅಷ್ಟೇ. ವೇದಾವತಿ ಮರಳಿನ ಕಾಲ ಹೋಯ್ತು, ಈಗ ಬರೋದು ಕಲ್ಲು ಪುಡಿ ಮಾಡಿದ ಎಂ-ಸ್ಯಾಂಡ್. ಅದರಲ್ಲಿ ಧೂಳು ಜಾಸ್ತಿ ಇದ್ದರೆ ಗಾರೆ ಬಿರುಕು ಬಿಡ್ತದೆ. ಹೊಳೆ ಮರಳೇ ಸಿಕ್ಕಿದರೆ ಅದರ ಮಣ್ಣು ಪರೀಕ್ಷೆ ಸುಲಭ. ಗಾಜಿನ ಲೋಟದಲ್ಲಿ ಅರ್ಧ ಮರಳು ಹಾಕಿ ನೀರು ತುಂಬಿಸಿ ಅಲ್ಲಾಡಿಸಿ ಇಡಿ. ಮೂರು ಗಂಟೆ ಬಿಟ್ಟು ನೋಡಿದರೆ ಮರಳಿನ ಮೇಲೆ ಮಣ್ಣಿನ ಪದರ ಬೇರೆಯಾಗಿ ಕೂತಿರ್ತದೆ. ಅದು ನೂರಕ್ಕೆ ಎಂಟು ಪಾಲಿಗಿಂತ ಹೆಚ್ಚಿದ್ದರೆ ಟ್ರ್ಯಾಕ್ಟರ್ ವಾಪಸ್ ಕಳಿಸಿ, ಇಲ್ಲವೇ ತೊಳೆದು ಬಳಸಿ.

2023ರ ಮೇ ಹೊತ್ತಿಗೆ ಗೋಡೆ ಲಿಂಟಲ್ ಮಟ್ಟಕ್ಕೆ ಬಂತು. ಆಮೇಲೆ ಮಳೆ ಕೈಕೊಟ್ಟಿತು. ಆ ವರ್ಷ ರಾಜ್ಯದ 236 ತಾಲೂಕಿನಲ್ಲಿ 223 ಬರಪೀಡಿತ ಅಂತ ಸರ್ಕಾರ ಸಾರಿದ್ದು ನಿಮಗೂ ನೆನಪಿರಬಹುದು. ನಮ್ಮ ಶೇಂಗಾ ಬಿತ್ತನೆ ಬೀಜದಷ್ಟೂ ಬರಲಿಲ್ಲ. ಮನೆ ನಿಂತಿತು.

ಇಲ್ಲಿ ನಾನು ಹೇಳಬೇಕಾದ ಮುಖ್ಯ ಮಾತು ಒಂದಿದೆ. ಮನೆ ನಿಂತರೆ ಮಾನ ಹೋಯ್ತು ಅಂತ ಜನ ತಿಳೀತಾರೆ. ದಾರೀಲಿ ಹೋಗೋರೆಲ್ಲ "ಯಾಕೆ ನಿಲ್ಲಿಸಿದೆ?" ಅಂತ ಕೇಳ್ತಾರೆ. ಆ ಮಾತಿಗೆ ಹೆದರಿ ಸಾಲ ಮಾಡ್ತಾರೆ. ನಮ್ಮ ಪಕ್ಕದ ಬೀದಿಯ ಒಬ್ಬರು ಅದೇ ವರ್ಷ ಮೂರು ಕಡೆ ಕಿರು ಸಾಲ ಎತ್ತಿ ಸೂರು ಹಾಕಿದರು. ಆಮೇಲೆ ವಾರದ ಕಂತು ಕಟ್ಟೋಕೆ ಗಂಡ ಹೆಂಡತಿ ಇಬ್ಬರೂ ಕಾಫಿ ಸೀಮೆಗೆ ಕೂಲಿಗೆ ಹೋದರು. ಹೊಸ ಮನೆಗೆ ಬೀಗ. ವಸೂಲಿಯವರ ಕಾಟ ರಾಜ್ಯದಲ್ಲಿ ಎಷ್ಟಾಯ್ತು ಅಂದ್ರೆ 2025ರ ಫೆಬ್ರವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯ್ತು. ಬೆಳೆ ಬಂದಾಗ ಏಳೋದು, ಬೆಳೆ ಹೋದಾಗ ನಿಲ್ಲೋದು, ಇದೇ ಖುಷ್ಕಿ ರೈತನ ಮನೆ. ಸಂಬಳದವರ ಮನೆ ಒಂದೇ ಉಸಿರಿಗೆ ಏಳ್ತದೆ, ಅವರಿಗೆ ತಿಂಗಳಿಗೊಂದು ಸುಗ್ಗಿ. ನಮಗೆ ಎರಡು ವರ್ಷಕ್ಕೊಂದು.

ಆದರೆ ನಿಲ್ಲಿಸೋದಕ್ಕೂ ಜಾಗ ನೋಡಬೇಕು. ಪಾಯ ಕಟ್ಟಿ ಮಣ್ಣು ತುಂಬಿ ನಿಲ್ಲಿಸೋದು ಎಲ್ಲಕ್ಕಿಂತ ಒಳ್ಳೇದು. ಒಂದು ಮಳೆಗಾಲ ನೆಂದು ಮಣ್ಣು ಕೂತುಕೊಳ್ತದೆ, ಮುಂದೆ ನೆಲ ಕುಸಿಯಲ್ಲ. ಅದು ಬಿಟ್ಟರೆ ಲಿಂಟಲ್ ಮಟ್ಟ. ಕಿಟಕಿ ಬಾಗಿಲ ಅರ್ಧಕ್ಕೆ ನಿಲ್ಲಿಸಬೇಡಿ. ಸೆಂಟ್ರಿಂಗ್ ಹೊಡೆದು, ಕಂಬಿ ಕಟ್ಟಿ, ದುಡ್ಡಿಲ್ಲ ಅಂತ ನಿಲ್ಲಿಸೋದು ಎಲ್ಲಕ್ಕಿಂತ ಕೆಟ್ಟದ್ದು. ಬಾಡಿಗೆ ಏರ್ತದೆ, ಕಂಬಿ ತುಕ್ಕು ಹಿಡೀತದೆ. ನಾವು ನಿಲ್ಲಿಸುವಾಗ ಹೊರಗೆ ಚಾಚಿದ ಕಂಬಿಗೆ ಸಿಮೆಂಟ್ ಹಾಲು ಬಳಿದೆವು, ಗೋಡೆ ತಲೆ ಮೇಲೆ ತೆಳ್ಳಗೆ ಗಾರೆ ಎಳೆದು ಹಳೇ ಪ್ಲಾಸ್ಟಿಕ್ ಹೊದಿಸಿದೆವು. ಉಳಿದ ಸಿಮೆಂಟ್ 11 ಚೀಲ ಇಟ್ಟುಕೊಳ್ಳಲಿಲ್ಲ, ಕಟ್ಟಡ ನಡೀತಿದ್ದ ಇನ್ನೊಬ್ಬರಿಗೆ ಕೊಟ್ಟೆವು. ಸಿಮೆಂಟ್ ಬೀಜದ ಹಾಗೆ, ಇಟ್ಟಷ್ಟೂ ಶಕ್ತಿ ಇಳೀತದೆ. ಮೂರು ತಿಂಗಳಿಗೆ ಐದನೇ ಒಂದು ಪಾಲು ಹೋಗ್ತದೆ ಅಂತಾರೆ, ತೇವ ತಗುಲಿದರೆ ಇನ್ನೂ ಬೇಗ. ಅಗ್ಗಕ್ಕೆ ಸಿಕ್ಕಿತು ಅಂತ ಮೊದಲೇ ತಂದು ಪೇರಿಸಬೇಡಿ.

2024ರಲ್ಲಿ ಮಳೆಯೂ ಪರವಾಗಿಲ್ಲ, ಬೆಳೆಯೂ ಪರವಾಗಿಲ್ಲ. 2025ರ ಫೆಬ್ರವರಿಯಲ್ಲಿ ಮೋಲ್ಡ್ ಹಾಕಿದೆವು. ಎಲ್ಲಾ ಬಿಟ್ಟು ಮನೆಯವರೆಲ್ಲ ನಿಲ್ಲಬೇಕಾದ ದಿನ ಇದು ಒಂದೇ. ಮದುವೆ ಇದ್ದರೂ ಹೋಗಬೇಡಿ.

ಮೊದಲು ಕಂಬಿ. ಕಂಬಿ ತೂಕಕ್ಕೆ ಮಾರ್ತಾರೆ, ನಾವು ಎಣಿಸಿ ಇಳಿಸಿಕೊಳ್ಳಬೇಕು. ಲೆಕ್ಕ ಸುಲಭ. ಕಂಬಿಯ ಎಂಎಂ ಅನ್ನ ಅದರಿಂದಲೇ ಗುಣಿಸಿ 162ರಿಂದ ಭಾಗಿಸಿದರೆ ಒಂದು ಮೀಟರಿನ ತೂಕ ಕೆಜಿಯಲ್ಲಿ ಬರ್ತದೆ. 12 ಮೀಟರ್ ಉದ್ದದ ಒಂದು ಕಂಬಿ 8 ಎಂಎಂ ಆದರೆ 4.74 ಕೆಜಿ, 10 ಎಂಎಂ ಆದರೆ 7.4 ಕೆಜಿ, 12 ಎಂಎಂ ಆದರೆ 10.67 ಕೆಜಿ. ಸ್ವಲ್ಪ ಹೆಚ್ಚುಕಮ್ಮಿ ಇರ್ತದೆ, 12 ಎಂಎಂಗೆ ನೂರಕ್ಕೆ ಐದರ ತನಕ ಬಿಡಬಹುದು. ನಮಗೆ ಮೊದಲ ಲೋಡಿನಲ್ಲಿ ಬಂದ 10 ಎಂಎಂ ಕಂಬಿ ಒಂದನ್ನ ಹುಣಸೆಹಣ್ಣು ತೂಗೋ ತಕ್ಕಡಿಗೆ ಹಾಕಿದರೆ ಆರೂಕಾಲು ಕೆಜಿ ಬಂತು. ವಾಪಸ್ ಕಳಿಸಿದೆವು. ಅಂಗಡಿಯವನು ಎದುರು ಮಾತಾಡಲಿಲ್ಲ, ಅವನಿಗೂ ಗೊತ್ತಿತ್ತು.

ಕಂಬಿ ಹಲಗೆಗೆ ತಾಗಬಾರದು, ಅಡಿಯಲ್ಲಿ 20 ಎಂಎಂ ಕಾಂಕ್ರೀಟ್ ಇರಬೇಕು. ಅದಕ್ಕೆ ಸಿಮೆಂಟಿನ ಸಣ್ಣ ಬಿಲ್ಲೆ ಇಡ್ತಾರೆ. ನಮ್ಮ ಕಡೆ ಬಿಲ್ಲೆ ಬದಲು ಕೈಗೆ ಸಿಕ್ಕ ಜಲ್ಲಿ ಚೂರು ಇಡ್ತಾರೆ. ಆಳು ತುಳಿದ ತಕ್ಷಣ ಅದು ಜಾರ್ತದೆ. ಮುಂಚೆ ಹೇಳಿದ ಆ ಮನೆಯ ಕೆಂಪು ಗೆರೆಗೆ ಇದೇ ಕಾರಣ ಅಂತ ನನ್ನ ಲೆಕ್ಕ. ಬಿಲ್ಲೆಗಳನ್ನ ಹದಿನೈದು ದಿನ ಮುಂಚೆ ನಾವೇ ಅಚ್ಚು ಹಾಕಿ ನೀರಲ್ಲಿ ಇಟ್ಟಿದ್ದೆವು. ಮಕ್ಕಳ ಆಟದಂಥಾ ಕೆಲಸ.

ಇನ್ನೂ ಒಂದು ಕಡೆ ಕಣ್ಣಿರಲಿ, ಗೋಡೆಯಿಂದ ಹೊರಗೆ ಚಾಚೋ ಚಜ್ಜ. ಮನೆ ಮೋಲ್ಡಿನಲ್ಲಿ ನಡುವೆ ಕಂಬಿ ಅಡಿಯಲ್ಲಿ ಇರಬೇಕು, ಚಜ್ಜದಲ್ಲಿ ಮೇಲುಗಡೆ ಇರಬೇಕು. ಯಾಕೆಂದರೆ ಚಜ್ಜ ಬೀಳೋದು ಮೇಲಿಂದ ಬಿರಿದು. ಕಾಂಕ್ರೀಟ್ ಹೊರೋ ಆಳುಗಳು ಅದರ ಮೇಲೆ ನಡೆದು ಕಂಬಿಯನ್ನ ಕೆಳಗೆ ತುಳಿದುಬಿಟ್ಟರೆ, ಕಂಬಿ ಇದ್ದೂ ಇಲ್ಲದ ಹಾಗೆ. ನೆರಳಿಗೆ ಅಂತ ಕಟ್ಟಿಸಿದ್ದು ತಲೆ ಮೇಲೆ ಬಿದ್ದೀತು. ಹಲಗೆ ಹಾಸಿ ಅದರ ಮೇಲೆ ನಡೆಸಿ.

ಅಳತೆಗೆ ನಾನು ಒಂದು ಮರದ ಡಬ್ಬ ಮಾಡಿಸಿದ್ದೆ, ಅಗಲ ಒಂದಡಿ, ಉದ್ದ ಒಂದಡಿ, ಎತ್ತರ 15 ಇಂಚು. ಒಂದು ಚೀಲ ಸಿಮೆಂಟಿನ ಗಾತ್ರ ಹೆಚ್ಚುಕಮ್ಮಿ ಅಷ್ಟೇ. ಮೋಲ್ಡಿಗೆ ಒಂದು ಚೀಲ ಸಿಮೆಂಟಿಗೆ ಒಂದೂವರೆ ಡಬ್ಬ ಮರಳು, ಮೂರು ಡಬ್ಬ ಜಲ್ಲಿ. ಬಾಂಡ್ಲಿ ಲೆಕ್ಕ ಬೆಳಿಗ್ಗೆ ಮಟ್ಟಸ ಇರ್ತದೆ, ಮಧ್ಯಾಹ್ನದ ಹೊತ್ತಿಗೆ ಗೋಪುರ ಆಗ್ತದೆ. ರಾಗಿ ಅಳೆಯೋಕೆ ಬಳ್ಳ ಇಟ್ಟುಕೊಂಡ ಜನ ನಾವು, ಕಾಂಕ್ರೀಟಿಗೆ ಯಾಕೆ ಬೇಡ? ಎಂಟು ಚದರಕ್ಕೆ ಐದಿಂಚು ದಪ್ಪದ ಮೋಲ್ಡಿಗೆ ಈ ಲೆಕ್ಕದಲ್ಲಿ 75 ಚೀಲ ಬೇಕು. ಸಂಜೆ ಖಾಲಿ ಚೀಲ ಎಣಿಸಿದಾಗ 76 ಇತ್ತು. ಖಾಲಿ ಚೀಲ ಯಾರಿಗೂ ಕೊಡಬೇಡಿ, ಎಣಿಸಿ ಆದ ಮೇಲೆ ಮಣ್ಣು ತುಂಬಿ ಹೊಲದ ಕೊರಕಲಿಗೆ ಅಡ್ಡ ಇಡಿ.

ನೀರು ಇನ್ನೊಂದು ಜಗಳ. ಚೀಲಕ್ಕೆ 25 ಲೀಟರ್ ಸಾಕು. ಆಳುಗಳಿಗೆ ತೆಳು ಇದ್ದರೆ ಸುರಿಯೋಕೆ ಸುಲಭ, ಅದಕ್ಕೆ ಪೈಪು ಬಿಡ್ತಾರೆ. ಅವರ ಕಷ್ಟ ನನಗೆ ಅರ್ಥ ಆಗ್ತದೆ, ಬಿಸಿಲಲ್ಲಿ ಹೊರೋರು ಅವರು. ಆದರೆ ಹೆಚ್ಚಾದ ನೀರು ಆರಿಹೋದ ಮೇಲೆ ಅದು ಇದ್ದ ಜಾಗ ತೂತಾಗಿ ಉಳೀತದೆ. ಪೈಪು ತೆಗೆಸಿ ಬಿಂದಿಗೆ ಇಡಿಸಿದೆ. ಆಳುಗಳಿಗೆ ಎರಡು ಸಲ ಮಜ್ಜಿಗೆ, ಮಧ್ಯಾಹ್ನ ಮುದ್ದೆ ಕೋಳಿ ಸಾರು. ಕೆಲಸ ಕೇಳಿದ ಹಾಗೆ ಆಯ್ತು. ಇನ್ನು ಸವಳು ನೀರಿನ ಬೋರು ಇರೋರು ಕುಡಿಯೋ ನೀರಿನ ಟ್ಯಾಂಕರ್ ತರಿಸಿ. ಉಪ್ಪು ಕಂಬಿ ತಿಂತದೆ.

ಮೋಲ್ಡ್ ಹಾಕಿ ಆಳುಗಳು ಕೈ ತೊಳೆದ ಮೇಲೆ ನಮ್ಮ ಕೆಲಸ ಶುರು. ಗುತ್ತಿಗೆದಾರ ಸಾಮಾನ್ಯವಾಗಿ ಮಾಡದ ಕೆಲಸ ಇದೇ, ನೀರು ಕುಡಿಸೋದು. ಕಾಂಕ್ರೀಟ್ ಒಣಗಿ ಗಟ್ಟಿಯಾಗ್ತದೆ ಅಂತ ಬಹಳ ಜನ ತಿಳಿದಿದ್ದಾರೆ. ಅದು ಒಣಗಿ ಅಲ್ಲ, ನೀರು ಕುಡಿದು ಗಟ್ಟಿಯಾಗೋದು. ಏಳು ದಿನಕ್ಕೆ ಮೂರನೇ ಎರಡು ಪಾಲು, 28 ದಿನಕ್ಕೆ ಪೂರಾ ಬಲ. ನಿಯಮದಲ್ಲಿ ಸಾದಾ ಸಿಮೆಂಟಿಗೆ ಏಳು ದಿನ, ಈಗ ಎಲ್ಲಾ ಕಡೆ ಸಿಗೋ ಬೂದಿ ಬೆರೆತ ಸಿಮೆಂಟಿಗೂ ಬಿಸಿಲು ಸೀಮೆಗೂ ಕನಿಷ್ಠ 10 ದಿನ, 14 ಆದರೆ ಒಳ್ಳೇದು ಅಂತಿದೆ. ನಾವು 21 ದಿನ ನಿಲ್ಲಿಸಿದೆವು.

ಮೋಲ್ಡ್ ಮೇಲೆ ಗಾರೆಯಿಂದ ಬದು ಕಟ್ಟಿ ಮಡಿ ಮಾಡೋದು. ಬದು ಕಟ್ಟೋದನ್ನ ನಮಗೆ ಯಾರಾದರೂ ಹೇಳಿಕೊಡಬೇಕಾ? ಎಂಟು ಚದರಕ್ಕೆ ಎರಡಿಂಚು ನೀರು ನಿಲ್ಲಿಸೋಕೆ 3,700 ಲೀಟರ್ ಮೇಲೆ ಬೇಕು. ಹೆಚ್ಚುಕಮ್ಮಿ ಒಂದು ಸಣ್ಣ ಟ್ಯಾಂಕರ್. ಅದರ ಮೇಲೆ ದಿನಾ ಆರಿಹೋದಷ್ಟು ತುಂಬಬೇಕು. ಮಾರ್ಚ್ ತಿಂಗಳಿನಲ್ಲಿ ಊರಿಗೆ ಕುಡಿಯೋ ನೀರು ಮೂರು ದಿನಕ್ಕೊಂದು ಸಲ ಬರುವಾಗ ಮೋಲ್ಡ್ ಮೇಲೆ ನೀರು ನಿಲ್ಲಿಸಿದರೆ ಮನಸ್ಸಿಗೆ ಕಸಿವಿಸಿ ಆಗ್ತದೆ, ಸುಳ್ಳಲ್ಲ. ಅದಕ್ಕೇ ನೀರಿನ ಲೆಕ್ಕವನ್ನ ಸಿಮೆಂಟ್ ಲೆಕ್ಕದ ಜೊತೆಗೇ ಮೊದಲೇ ಹಾಕಬೇಕು. ನೀರಿಗೆ ದುಡ್ಡಿಲ್ಲದಿದ್ದರೆ ಆ ಬೇಸಿಗೆ ಮೋಲ್ಡ್ ಹಾಕಬೇಡಿ. ನೀರಿಲ್ಲದ ಮೋಲ್ಡ್ ಮಳೆಯಿಲ್ಲದ ಬಿತ್ತನೆ. ಗೋಡೆಗೆ ಮೂರು ಹೊತ್ತು ನೀರು ಹೊಡೆದವರು ನನ್ನ ಹೆಂಡತಿ ಮತ್ತು ಸೊಸೆ. ನಾನು ಕಂಡ ಹಾಗೆ ಗಂಡಸರು ಗೋಡೆ ಮುಂದೆ ನಿಂತು ಮಾತಾಡ್ತಾರೆ, ಹೆಂಗಸರು ನೀರು ಹಾಕ್ತಾರೆ.

ಸೆಂಟ್ರಿಂಗ್ ಬಿಚ್ಚೋಕೆ ಅವಸರ ಮಾಡೋರು ಇದ್ದೇ ಇರ್ತಾರೆ, ಅವರಿಗೆ ಹಲಗೆ ಇನ್ನೊಂದು ಮನೆಗೆ ಬೇಕು. ನಮ್ಮಂಥಾ 12 ಅಡಿ ಕೋಣೆಗೆ ಸಾದಾ ಸಿಮೆಂಟಾದರೆ ಮೋಲ್ಡ್ ಅಡಿಯ ಊರೆ ಏಳು ದಿನಕ್ಕೆ, ತೊಲೆ ಅಡಿಯದು 14 ದಿನಕ್ಕೆ ತೆಗೀಬಹುದು ಅಂತ ನಿಯಮ. ಬೂದಿ ಸಿಮೆಂಟ್ ನಿಧಾನ ಬಲಿಯೋದರಿಂದ ನಾವು 18 ದಿನ ಬಿಟ್ಟೆವು. ಹೆಚ್ಚಿನ ದಿನದ ಬಾಡಿಗೆ ಕೊಟ್ಟೆವು.

ಟೈಲ್ಸು, ಬಣ್ಣ, ಬಾಗಿಲು, ಇವೆಲ್ಲ ಅವರವರ ಇಷ್ಟ. ಗ್ರಾನೈಟ್ ಹಾಕಿಸಿ ನೀರಿನ ತೊಟ್ಟಿ ಬಿಟ್ಟವರನ್ನ ನೋಡಿದರೆ ಮಾತ್ರ ನಗು ಬರ್ತದೆ. ಎಂಟು ಚದರದ ಸೂರಿಗೆ 500 ಮಿಲಿಮೀಟರ್ ಮಳೆ ಬಂದರೆ 37,000 ಲೀಟರ್ ಬೀಳ್ತದೆ, ಐದರಲ್ಲಿ ನಾಲ್ಕು ಪಾಲು ಹಿಡಿದರೂ 29,000 ಮೇಲೆ. ಮೋಲ್ಡ್ ಹಾಕೋ ದಿನವೇ ಇಳಿಜಾರು ಮತ್ತು ಪೈಪಿನ ಜಾಗ ನೋಡಿಕೊಂಡರೆ ಆಮೇಲೆ ಒಡೆಯೋ ಕೆಲಸ ಇಲ್ಲ.

ನಕ್ಷೆ ಬರೆಯುವಾಗ ಮೂರು ಜನ ವಾಸ್ತು ಹೇಳೋರು ಬಂದು ಅಡಿಗೆಮನೆಯನ್ನ ಮೂರು ದಿಕ್ಕಿಗೆ ತಿರುಗಿಸಿದರು. ಶೇಂಗಾ ಚೀಲ ಎಲ್ಲಿಡ್ತೀಯ ಅಂತ ಒಬ್ಬರೂ ಕೇಳಲಿಲ್ಲ. ಪೇಟೆ ಮನೆ ನೋಡಿ ಕಟ್ಟಿದ ಹಳ್ಳಿ ಮನೆಗಳಲ್ಲಿ ಇದೇ ಕೊರತೆ. ಹಳೇ ಮನೆಯಲ್ಲಿ ಅಟ್ಟ ಇತ್ತು, ವಾಡೆ ಇತ್ತು, ಊರಲ್ಲಿ ಹಗೇವು ಇತ್ತು. ಹೊಸ ಮನೆಯಲ್ಲಿ ಸೋಫಾ ಇಡೋಕೆ ಜಾಗ ಇದೆ, ಬೆಳೆ ಇಡೋಕಿಲ್ಲ. ಇಡೋಕೆ ಜಾಗ ಇಲ್ಲದವನು ಎಲ್ಲರೂ ಮಾರೋ ದಿನವೇ ಮಂಡಿಗೆ ಹೊತ್ತೊಯ್ದು ಅವರು ಕೂಗಿದ ರೇಟಿಗೆ ಸುರಿದು ಬರ್ತಾನೆ.

ನಾವು 10 ಅಡಿಗೆ 12 ಅಡಿಯ ಒಂದು ಕೋಣೆ ಇದಕ್ಕೇ ಬಿಟ್ಟೆವು. ಎಲ್ಲಕ್ಕಿಂತ ಮೊದಲು ತಗಡು ಹೊದಿಸಿ ಬಾಗಿಲು ಇಟ್ಟದ್ದು ಅದಕ್ಕೇ. ಕಟ್ಟುವಾಗ ಸಿಮೆಂಟ್ ಅಲ್ಲಿತ್ತು, ನೆಲದಿಂದ ಆರಿಂಚು ಮೇಲೆ ಹಲಗೆ, ಗೋಡೆಯಿಂದ ಒಂದಡಿ ದೂರ, ಹತ್ತು ಚೀಲಕ್ಕಿಂತ ಎತ್ತರ ಇಲ್ಲ. ಆಮೇಲೆ ಅದೇ ಹಲಗೆ ಮೇಲೆ, ಅದೇ ಅಂತರ ಬಿಟ್ಟು, ಒಣಗಿಸಿದ ಶೇಂಗಾ ಚೀಲ ಬಂತು. ಸಿಮೆಂಟಿಗೆ ಆಗದ ತೇವ ಶೇಂಗಾಕ್ಕೂ ಆಗಲ್ಲ.

2025ರ ದೀಪಾವಳಿಗೆ ಮುಂಚೆ ಹಾಲು ಉಕ್ಕಿಸಿ ಒಳಗೆ ಬಂದೆವು. ಹೊರಗಿನ ಗಾರೆ ಬಾಕಿ ಇದೆ, ಇಟ್ಟಿಗೆ ಹಾಗೇ ಕಾಣ್ತದೆ. ಆ ಸೆಪ್ಟೆಂಬರ್ 22ರಿಂದ ಸಿಮೆಂಟ್ ಮೇಲಿನ ತೆರಿಗೆ ನೂರಕ್ಕೆ 28ರಿಂದ 18ಕ್ಕೆ ಇಳಿದಿದೆ, ಈಗಲೇ ಮಾಡಿಸು ಅಂತ ಮೇಸ್ತ್ರಿ ಫೋನ್ ಮಾಡ್ತಾ ಇದ್ದಾನೆ. ಕೋಣೆಯಲ್ಲಿರೋ ಶೇಂಗಾ ಚೀಲ ಒಳ್ಳೇ ರೇಟಿಗೆ ಹೋಗಿ, ತೊಟ್ಟಿಯಲ್ಲಿ ನೀರೂ ಇದ್ದರೆ ಮಾಡಿಸ್ತೇವೆ. ಲಾಂಗ್ ಬುಕ್ಕಿನಲ್ಲಿ ಇನ್ನೂ ಒಂಬತ್ತು ಹಾಳೆ ಖಾಲಿ ಇದೆ.